ಮೇರಿಯ ಟೀಸೊಪ್ಪು

ಅಮ್ಮ ಸಿಡ್ನಿಗೆ ಬಂದಿಳಿದ ದಿನವೇ ಅವಳ ಮುಖ ಊದಿಕೊಂಡಿತ್ತು. ಏರ್‌ಪೋರ್ಟಿನಲ್ಲಿ ಸೂಟ್‌ಕೇಸ್ ಬಿಚ್ಚಿಸಿದ್ದರು. ಸಾರಿನ ಪುಡಿ, ಹಪ್ಪಳ, ಚಟ್ನಿಪುಡಿ ಎಲ್ಲ ಪಾಸಾಯಿತು. ಹಿತ್ತಲಲ್ಲಿ ಕಿತ್ತು ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದಿದ್ದ ಕರಿಬೇವು ಮಾತ್ರ ಕಸದ ಡಬ್ಬಿಗೆ ಹೋಯಿತು. "ನಾಲ್ಕು ಎಲೆ ತಂದರೆ ಇವರ ದೇಶ ಮುಳುಗಿಹೋಗುತ್ತಾ?" ಅಂತ ಮನೆ ಮುಟ್ಟುವ ತನಕ ಕಾರಿನಲ್ಲಿ ಕೇಳುತ್ತಲೇ ಇದ್ದಳು. ಹತ್ತು ವರ್ಷದಿಂದ ಇಲ್ಲೇ ಇದ್ದೇನೆ, ರೂಲ್ಸ್ ನನಗೆ ಗೊತ್ತು. ಆದರೂ ಅವಳ ಪರವಾಗಿಯೇ ತಲೆಯಾಡಿಸಿದೆ.

ನಮ್ಮ ಬೀದಿಯ ಕೊನೆಯಲ್ಲಿ ಒಬ್ಬರು ಅಜ್ಜಿ ಇದ್ದಾರೆ. ಅವರ ಬೇಲಿಗೆ ಒಂದು ಕಾಡುಬಳ್ಳಿ ಹಬ್ಬಿದೆ. ಸಿಡ್ನಿಯ ಮರಳುಗಲ್ಲಿನ ಬಂಡೆಗಳ ಮಧ್ಯೆ ತಾನಾಗಿಯೇ ಬೆಳೆಯುವ ಬಳ್ಳಿ ಅದು. ಮುಳ್ಳಿಲ್ಲ. ಎಲೆ ನಯವಾಗಿ ಉದ್ದಕ್ಕಿದೆ, ಬುಡದಿಂದ ತುದಿಯವರೆಗೆ ಮೂರು ನರ ಎದ್ದು ಕಾಣುತ್ತವೆ. ಚಿಗುರು ಸ್ವಲ್ಪ ಕೆಂಪು. ಇಲ್ಲಿಯವರು ಇದನ್ನು 'ಸ್ವೀಟ್ ಸಾರ್ಸಪರಿಲ್ಲಾ' ಅನ್ನುತ್ತಾರೆ, ಹಳಬರು 'ಸ್ವೀಟ್ ಟೀ' ಅನ್ನುತ್ತಿದ್ದರು. ಅಜ್ಜಿ ಒಂದು ಎಲೆ ಕಿತ್ತು ಅಮ್ಮನ ಕೈಗಿಟ್ಟು, ಅಗಿಯಿರಿ ಅಂತ ಸನ್ನೆ ಮಾಡಿದರು.

ಅಮ್ಮ ಅಗಿದಳು. ಮೊದಲು ಹುಬ್ಬು ಮೇಲೆ ಹೋಯಿತು, ಆಮೇಲೆ ಮುಖ ಕಿವುಚಿತು. "ಸಿಹಿ. ಅಯ್ಯೋ ಇಲ್ಲ, ಕಹಿ. ಇದು ನಮ್ಮ ಸೊಗದೆ ಬೇರಿನ ಜಾತಿ ಏನೇ?"

ಜಾತಿ ಬೇರೆ. ಆದರೆ ಅವಳ ನಾಲಿಗೆ ತೀರಾ ತಪ್ಪು ಹೇಳಿರಲಿಲ್ಲ. ನಮ್ಮ ಸೊಗದೆ ಬೇರನ್ನೂ ಇಂಗ್ಲಿಷರು 'ಇಂಡಿಯನ್ ಸಾರ್ಸಪರಿಲ್ಲಾ' ಅಂತಲೇ ಕರೆದರು. ಅವರಿಗೆ ಒಂದು ಹೆಸರು ಹಿಡಿಸಿದರೆ ಸಿಕ್ಕ ಸಿಕ್ಕ ಗಿಡಕ್ಕೆಲ್ಲ ಅದನ್ನೇ ಅಂಟಿಸುವ ಅಭ್ಯಾಸ. ಈ ಎಲೆಯ ಹಿಂದೆ ಒಂದು ಕಥೆ ಇದೆ ಅಂದೆ. ರಾತ್ರಿ ಹುರುಳಿಕಾಯಿ ಬಿಡಿಸುವಾಗ ಹೇಳು ಅಂದಳು. ಹಾಗೆ ಶುರುವಾಗಿದ್ದು ನಾಲ್ಕು ರಾತ್ರಿ ನಡೆಯಿತು.

ಇದು ಮೇರಿ ಬ್ರಾಡ್ ಎಂಬವಳ ಕಥೆ. ಮದುವೆಯಾದ ಮೇಲೆ ಮೇರಿ ಬ್ರಯಂಟ್. ಇಂಗ್ಲೆಂಡಿನ ನೈಋತ್ಯ ಮೂಲೆಯ ಕಾರ್ನ್‌ವಾಲ್‌ನಲ್ಲಿ ಫೋವಿ ಅಂತ ಒಂದು ಬಂದರು. 1765ರಲ್ಲಿ ಅಲ್ಲಿ ಹುಟ್ಟಿದಳು. ಅಪ್ಪ ಕಡಲಿನ ಕೆಲಸದವನು. ಇಪ್ಪತ್ತರ ವಯಸ್ಸಿನಲ್ಲಿ ಇನ್ನಿಬ್ಬರು ಹುಡುಗಿಯರ ಜೊತೆ ಸೇರಿ ಪ್ಲಿಮತ್‌ನ ದಾರಿಯಲ್ಲಿ ಒಬ್ಬ ಹೆಂಗಸನ್ನು ತಡೆದು ದೋಚಿದಳು. ಸಿಕ್ಕಿದ್ದು ಒಂದು ರೇಷ್ಮೆ ಟೋಪಿ, ಇನ್ನೊಂದಿಷ್ಟು ಸಾಮಾನು. ಎಲ್ಲ ಸೇರಿ 11 ಪೌಂಡ್ 11 ಶಿಲಿಂಗ್ ಅಂತ ಲೆಕ್ಕ. 1786ರ ಮಾರ್ಚ್‌ನಲ್ಲಿ ಎಕ್ಸೆಟರ್ ಕೋರ್ಟಿನಲ್ಲಿ ಗಲ್ಲು ಶಿಕ್ಷೆಯಾಯಿತು. ಆಮೇಲೆ ಅದನ್ನು ಏಳು ವರ್ಷದ ಗಡೀಪಾರಿಗೆ ಇಳಿಸಿದರು.

"ಟೋಪಿಗೆ ಗಲ್ಲಾ?" ಅಂದಳು ಅಮ್ಮ.

ಆಗಿನ ಇಂಗ್ಲೆಂಡಿನಲ್ಲಿ ಹಾಗೇ ಇತ್ತು. ಕಾನೂನು ಪುಸ್ತಕದ ತುಂಬ ಗಲ್ಲು. ಕದ್ದವರನ್ನೆಲ್ಲ ನೇಣಿಗೆ ಹಾಕಲು ನ್ಯಾಯಾಧೀಶರಿಗೂ ಮನಸ್ಸಿರಲಿಲ್ಲ, ಬಿಟ್ಟುಬಿಡಲೂ ಆಗುತ್ತಿರಲಿಲ್ಲ. ಮಧ್ಯದ ದಾರಿ ಅಂದರೆ ಹಡಗು ಹತ್ತಿಸಿ ಕಡಲಾಚೆ ಕಳಿಸುವುದು. ನಮ್ಮಲ್ಲಿ ಕರಿನೀರಿನ ಶಿಕ್ಷೆ ಅಂತೀವಲ್ಲ, ಅದನ್ನು ಅವರು ನಮ್ಮ ಮೇಲೆ ಹೇರುವ ಮೊದಲು ತಮ್ಮ ಬಡವರ ಮೇಲೆ ಚೆನ್ನಾಗಿ ಅಭ್ಯಾಸ ಮಾಡಿಕೊಂಡಿದ್ದರು. ಮೊದಲೆಲ್ಲ ಅಮೆರಿಕಕ್ಕೆ ಕಳಿಸುತ್ತಿದ್ದರು. ಅಮೆರಿಕ ತಿರುಗಿಬಿದ್ದ ಮೇಲೆ ಆ ಬಾಗಿಲು ಮುಚ್ಚಿತು. ಕೈದಿಗಳನ್ನು ಎಲ್ಲಿಡುವುದು? ಸಮುದ್ರಕ್ಕೆ ಲಾಯಕ್ಕಿಲ್ಲದ ಹಳೇ ಹಡಗುಗಳ ಕಂಬ, ಪಟ ಕಿತ್ತು, ಬಂದರಿನಲ್ಲಿ ಲಂಗರು ಹಾಕಿ ಅದರಲ್ಲೇ ತುಂಬಿದರು. ಮೇರಿಯನ್ನು ಇಟ್ಟಿದ್ದು 'ಡಂಕರ್ಕ್' ಎಂಬ ಇಂಥದ್ದೇ ಹಡಗಿನಲ್ಲಿ. ಇಂಥ ಹಡಗುಗಳೂ ತುಂಬಿ ತುಳುಕಿದಾಗ ಸರ್ಕಾರಕ್ಕೆ ಆಸ್ಟ್ರೇಲಿಯಾದ ಕರಾವಳಿ ನೆನಪಾಯಿತು.

ಇಲ್ಲಿ ಒಂದು ಅಡ್ಡ ಮಾತು. ಯಾರ್ಕ್‌ಟೌನಿನಲ್ಲಿ ಶರಣಾಗಿ ಅಮೆರಿಕವನ್ನು ಕೈಬಿಟ್ಟ ಸೇನಾಪತಿ ಯಾರು? ಲಾರ್ಡ್ ಕಾರ್ನ್‌ವಾಲಿಸ್. ಅದೇ ಕಾರ್ನ್‌ವಾಲಿಸ್ ಆಮೇಲೆ ಗವರ್ನರ್ ಜನರಲ್ ಆಗಿ ನಮ್ಮ ಕಡೆ ಬಂದ. 1791ರ ಮಾರ್ಚ್ 21ರಂದು ಟಿಪ್ಪುವಿನ ಬೆಂಗಳೂರು ಕೋಟೆ ಹಿಡಿದ. ಗೋಡೆ ಒಡೆದ ಜಾಗದಲ್ಲಿ ಆ ತಾರೀಖು ಕೆತ್ತಿದ ಕಲ್ಲು ಇವತ್ತೂ ಇದೆ. ಕೆ.ಆರ್. ಮಾರ್ಕೆಟ್ಟಿಗೆ ಹೂವು ತರಲು ಹೋದವರು ಅದರ ಪಕ್ಕದಲ್ಲೇ ಓಡಾಡುತ್ತೇವೆ. ಆ ತಾರೀಖನ್ನು ನೆನಪಿಟ್ಟುಕೊಳ್ಳಿ. ಸರಿಯಾಗಿ ಒಂದು ವಾರಕ್ಕೆ ಸಿಡ್ನಿಯಲ್ಲಿ ಒಂದು ದೋಣಿ ಕಳುವಾಗುತ್ತದೆ.

1787ರ ಮೇ 13ರಂದು ಹನ್ನೊಂದು ಹಡಗುಗಳು ಪೋರ್ಟ್ಸ್‌ಮತ್ ಬಿಟ್ಟವು. ಸುಮಾರು 750 ಕೈದಿಗಳು. ಎಂಟು ತಿಂಗಳ ದಾರಿ. ಮೇರಿ ಹತ್ತಿದ ಹಡಗಿನ ಹೆಸರು 'ಶಾರ್ಲೆಟ್'. ಹತ್ತುವಾಗಲೇ ಗರ್ಭಿಣಿ. ಸೆಪ್ಟೆಂಬರಿನಲ್ಲಿ ಹಡಗಿನಲ್ಲೇ ಹೆಣ್ಣು ಮಗು ಹುಟ್ಟಿತು. ಮಗುವಿಗೂ ಶಾರ್ಲೆಟ್ ಅಂತಲೇ ಹೆಸರಿಟ್ಟಳು.

1788ರ ಜನವರಿಯಲ್ಲಿ ಬಾಟನಿ ಬೇ ತಲುಪಿದರು. ಆ ಜಾಗ ಹಿಡಿಸಲಿಲ್ಲ, ನೀರು ಸಾಲದು. ಸ್ವಲ್ಪ ಉತ್ತರಕ್ಕೆ ಹೋಗಿ ಜನವರಿ 26ರಂದು ಸಿಡ್ನಿ ಕೋವ್‌ನಲ್ಲಿ ಇಳಿದು ಬಾವುಟ ನೆಟ್ಟರು. ಅದು ಗ್ಯಾಡಿಗಲ್ ಜನರ ನೆಲ. ಅವರನ್ನು ಯಾರೂ ಕೇಳಲಿಲ್ಲ. ಮರುವರ್ಷವೇ ಸಿಡುಬು ಬಂದು ಆ ಜನರನ್ನು ಗುಡಿಸಿಹಾಕಿತು. ಇಲ್ಲಿರುವ ನಮ್ಮವರಿಗೆ ಜನವರಿ 26 ಒಂದು ವಿಚಿತ್ರ ದಿನ. ಬೆಳಿಗ್ಗೆ ಗಣರಾಜ್ಯೋತ್ಸವದ ಬಾವುಟ, ಮಧ್ಯಾಹ್ನ ಪಕ್ಕದ ಮನೆಯ ಬಾರ್ಬೆಕ್ಯೂ. ಅದೇ ಹೊತ್ತಿಗೆ ಊರ ನಡುವೆ ಮೂಲನಿವಾಸಿಗಳ ಮೆರವಣಿಗೆ. ಅವರಿಗದು ದಾಳಿಯ ದಿನ.

ಬಂದು ಎರಡು ವಾರಕ್ಕೆ, ಫೆಬ್ರವರಿ 10ರಂದು, ಮೇರಿ ಮದುವೆಯಾದಳು. ಗಂಡ ವಿಲಿಯಂ ಬ್ರಯಂಟ್. ಅವನೂ ಕಾರ್ನ್‌ವಾಲಿನವನು, ಅವನೂ ಕೈದಿ, ಅದೇ ಹಡಗಿನಲ್ಲಿ ಬಂದವನು. ಕಸುಬು ಮೀನುಗಾರಿಕೆ. ಇಡೀ ವಸಾಹತಿನಲ್ಲಿ ಬಲೆ, ದೋಣಿ ಗೊತ್ತಿದ್ದವರೇ ಕಮ್ಮಿ. ಲಂಡನ್ನಿನ ಜೇಬುಗಳ್ಳರಿಗೆ ಮೀನು ಹಿಡಿಯಲು ಬರುತ್ತದಾ? ಹಾಗಾಗಿ ವಿಲಿಯಂಗೆ ಸರ್ಕಾರಿ ದೋಣಿಗಳ ಉಸ್ತುವಾರಿ ಸಿಕ್ಕಿತು. ಒಂದು ಗುಡಿಸಲೂ ಸಿಕ್ಕಿತು. ಅಲ್ಲಿನ ಲೆಕ್ಕದಲ್ಲಿ ಅದು ದೊಡ್ಡ ಭಾಗ್ಯ. ಒಂದು ವರ್ಷ ಕಳೆಯಿತು. ಒಂದಿಷ್ಟು ಮೀನನ್ನು ಲೆಕ್ಕಕ್ಕೆ ತೋರಿಸದೆ ಮಾರಿದ ಅಂತ ಸಿಕ್ಕಿಬಿದ್ದ. ನೂರು ಚಾಟಿ ಏಟು, ಗುಡಿಸಲು ವಾಪಸ್ಸು. ಆದರೆ ಮೀನು ಹಿಡಿಯುವ ಕೆಲಸದಿಂದ ಮಾತ್ರ ತೆಗೆಯಲಿಲ್ಲ. ತೆಗೆದರೆ ತಿನ್ನಲು ಏನು ಮಾಡುತ್ತಾರೆ?

ಹಸಿವಿನ ವಿಷಯ ಬಂದಾಗ ಅಮ್ಮ ಹುರುಳಿಕಾಯಿ ಬದಿಗಿಟ್ಟು ಸರಿಯಾಗಿ ಕೂತಳು. ಇಲ್ಲಿನ ಮರಳು ನೆಲದಲ್ಲಿ ಗೋಧಿ ಏಳಲಿಲ್ಲ. ಇಂಗ್ಲೆಂಡಿನಿಂದ ಸಾಮಾನು ತರುತ್ತಿದ್ದ 'ಗಾರ್ಡಿಯನ್' ಹಡಗು 1789ರ ಕೊನೆಯಲ್ಲಿ ಹಿಮಬಂಡೆಗೆ ಹೊಡೆಯಿತು. ಇದ್ದ ಎರಡು ಹಡಗಿನಲ್ಲಿ ದೊಡ್ಡದಾದ 'ಸಿರಿಯಸ್' 1790ರ ಮಾರ್ಚ್‌ನಲ್ಲಿ ನಾರ್ಫೋಕ್ ದ್ವೀಪದ ಬಳಿ ಒಡೆದುಹೋಯಿತು. ಪಡಿತರ ಇಳಿಸುತ್ತಾ ಹೋದರು. ಹೆಂಗಸರಿಗೆ ಮೊದಲಿಂದಲೂ ಗಂಡಸರ ಪಡಿಯ ಮೂರರಲ್ಲಿ ಎರಡು ಪಾಲು ಅಷ್ಟೇ. ಮೊಲೆಯುಣಿಸುವವಳಿಗೆ ಜಾಸ್ತಿ ಬೇಕು ಅನ್ನುವುದು ಲೆಕ್ಕ ಬರೆದ ಗಂಡಸರಿಗೆ ಹೊಳೆಯಲಿಲ್ಲವೋ ಏನೋ. ಅದೇ ವರ್ಷದ ಜೂನಿನಲ್ಲಿ ಎರಡನೇ ಸಾಲು ಹಡಗುಗಳು ಬಂದವು. ಅನ್ನ ಬಂತು ಅಂತ ದಡಕ್ಕೆ ಓಡಿದವರಿಗೆ ಕಂಡದ್ದು ಹೆಣಗಳು. ಹತ್ತಿದ ಸಾವಿರ ಚಿಲ್ಲರೆ ಕೈದಿಗಳಲ್ಲಿ ನಾಲ್ಕರಲ್ಲೊಂದು ಪಾಲು ದಾರಿಯಲ್ಲೇ ಸತ್ತಿದ್ದರು.

ಅಷ್ಟರಲ್ಲಿ, ಆ ವರ್ಷದ ಏಪ್ರಿಲ್ ಹೊತ್ತಿಗೆ, ಮೇರಿಗೆ ಗಂಡು ಮಗು ಹುಟ್ಟಿತ್ತು. ಇಮ್ಯಾನುಯೆಲ್.

ಈ ಹಸಿವಿನ ಕಾಲದಲ್ಲೇ ಬಳ್ಳಿಯ ಎಲೆ ಬರುವುದು. ಟೀ ಸಿಗದ ಊರಿನಲ್ಲಿ ಜನ ಕಾಡಿಗೆ ಹೋಗಿ ಈ ಎಲೆ ಕಿತ್ತು ತಂದು ಕುದಿಸಿ ಕುಡಿಯುತ್ತಿದ್ದರು. ಸಕ್ಕರೆ ಬೇಡ, ಎಲೆಯೇ ಸಿಹಿ. ಜೊತೆಗೆ ವಸಡಿನಲ್ಲಿ ರಕ್ತ ಬರುವ ಸ್ಕರ್ವಿ ಕಾಯಿಲೆಗೆ ಒಳ್ಳೆಯದು ಅಂತ ವಸಾಹತಿನ ವೈದ್ಯರೇ ಹೊಗಳಿ ಬರೆದರು. ಅವರಲ್ಲೊಬ್ಬ ಲಂಡನ್ನಿಗೆ ಸ್ಯಾಂಪಲ್ ಕೂಡ ಕಳಿಸಿದ.

ಓಡಿಹೋಗುವ ಯೋಚನೆ ಗಂಡನದೋ ಹೆಂಡತಿಯದೋ, ಕಥೆ ಹೇಳುವವರು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ನನಗೆ ಹೆಚ್ಚು ಕಾಡುವುದು ಇನ್ನೊಂದು ಲೆಕ್ಕ. ವಿಲಿಯಂಗೆ ಏಳು ವರ್ಷದ ಶಿಕ್ಷೆಯಾಗಿದ್ದು 1784ರ ಮಾರ್ಚ್‌ನಲ್ಲಿ. ಅಂದರೆ 1791ರ ಮಾರ್ಚ್‌ಗೆ ಅವನ ಅವಧಿ ಮುಗಿದಿತ್ತು. ಆದರೆ ಯಾರಿಗೆ ಎಷ್ಟು ವರ್ಷ ಶಿಕ್ಷೆ ಅನ್ನುವ ಕಾಗದಪತ್ರವನ್ನೇ ಮೊದಲ ಹಡಗುಗಳಲ್ಲಿ ತಂದಿರಲಿಲ್ಲ! ನನ್ನ ಶಿಕ್ಷೆ ಮುಗಿಯಿತು ಸ್ವಾಮಿ ಅಂದರೆ, ಇರಬಹುದು, ಕಾಗದ ಬರಲಿ ಅನ್ನುತ್ತಿದ್ದರು. ಫೈಲ್ ಬಂದಿಲ್ಲ, ನಾಳೆ ಬನ್ನಿ. ಈ ಮಾತು ಯಾವ ದೇಶದ್ದಾದರೂ ನಮಗೆ ಅನುವಾದ ಬೇಕಿಲ್ಲ. ಅದರ ಮೇಲೆ, ಹೆಂಡತಿ ಮಕ್ಕಳನ್ನು ಬಿಟ್ಟು ಯಾರೂ ವಸಾಹತು ಬಿಡುವಂತಿಲ್ಲ ಅಂತ ಗವರ್ನರ್ ಫಿಲಿಪ್ ಆಜ್ಞೆ ಬೇರೆ. ಮೇರಿಗೆ ಇನ್ನೂ ಎರಡು ವರ್ಷ ಬಾಕಿ.

ಫೆಬ್ರವರಿಯಲ್ಲಿ ವಿಲಿಯಂನ ದೋಣಿ ಗಾಳಿಗೆ ಸಿಕ್ಕಿ ಮಗುಚಿತು. ಅದರಲ್ಲಿ ಮೂಲನಿವಾಸಿ ಬೆನೆಲಾಂಗ್‌ನ ತಂಗಿ, ಅವಳ ಮಕ್ಕಳು ಇದ್ದರು. ದಡದಲ್ಲಿದ್ದ ಅವರ ಜನ ನೀರಿಗಿಳಿದು ಎಲ್ಲರಿಗೂ ನೆರವಾದರು. ದೋಣಿಯನ್ನು ರಿಪೇರಿ ಮಾಡಿ ಹೊಸದರ ಹಾಗೆ ಮಾಡಿಕೊಟ್ಟಿದ್ದು ಸರ್ಕಾರವೇ. ಡಚ್ಚರ 'ವಾಕ್ಸಮ್‌ಹೈಡ್' ಹಡಗು ಬಟಾವಿಯಾದಿಂದ, ಅಂದರೆ ಇವತ್ತಿನ ಜಕಾರ್ತದಿಂದ, ಧಾನ್ಯ ತಂದು ಬಂದರಿನಲ್ಲಿ ನಿಂತಿತ್ತು. ಅದರ ಕ್ಯಾಪ್ಟನ್ ಡೆಟ್ಮರ್ ಸ್ಮಿಟ್‌ಗೂ ಇಲ್ಲಿನ ಅಧಿಕಾರಿಗಳಿಗೂ ಎಣ್ಣೆ ಸೀಗೆಕಾಯಿ. ಅವನ ಹತ್ತಿರ ವಿಲಿಯಂ ದಿಕ್ಸೂಚಿ, ಸೂರ್ಯನ ಎತ್ತರ ಅಳೆದು ದಾರಿ ಹುಡುಕುವ ಕ್ವಾಡ್ರಂಟ್, ನಕ್ಷೆ, ಬಂದೂಕು ಸಂಪಾದಿಸಿದ. ಮಾರ್ಚ್ ಕೊನೆಗೆ ಆ ಹಡಗೂ ಹೊರಟಿತು. ಈಗ ಬಂದರಿನಲ್ಲಿ ಅಟ್ಟಿಸಿಕೊಂಡು ಬರಬಲ್ಲ ಒಂದು ಹಡಗೂ ಇಲ್ಲ.

1791ರ ಮಾರ್ಚ್ 28ರ ರಾತ್ರಿ. ಆರು ಹುಟ್ಟಿನ ಗವರ್ನರ್ ದೋಣಿ. ಗಂಡ, ಹೆಂಡತಿ, ಮೂರೂವರೆ ವರ್ಷದ ಶಾರ್ಲೆಟ್, ವರ್ಷ ತುಂಬುತ್ತಿದ್ದ ಇಮ್ಯಾನುಯೆಲ್, ಇನ್ನು ಏಳು ಜನ ಕೈದಿಗಳು. ಒಟ್ಟು ಹನ್ನೊಂದು. ಬೆಳಿಗ್ಗೆ ಕಾವಲಿನವರು ಹೋಗಿ ನೋಡಿದರೆ ಗುಡಿಸಲಿನಿಂದ ದಡದವರೆಗಿನ ದಾರಿಯಲ್ಲಿ ಒಂದು ಕೈಗರಗಸ, ಒಂದು ತಕ್ಕಡಿ, ನಾಲ್ಕೈದು ಪೌಂಡು ಅಕ್ಕಿ ಚೆಲ್ಲಿ ಬಿದ್ದಿತ್ತು. ಅಧಿಕಾರಿ ಡೇವಿಡ್ ಕಾಲಿನ್ಸ್ ಇದನ್ನು ಬರೆದಿಟ್ಟಿದ್ದಾನೆ. ಅವಸರದಲ್ಲಿ ಹೊರಟವರ ಕೈ ನಡುಗಿದ್ದು ಆ ಅಕ್ಕಿಯಲ್ಲೇ ಕಾಣುತ್ತದೆ. ಕಾಕ್ಸ್ ಎಂಬವನು ತನ್ನ ಗೆಳತಿಗೆ ಒಂದು ಚೀಟಿ ಬಿಟ್ಟು ಹೋಗಿದ್ದ.

"ಎಷ್ಟು ಅಕ್ಕಿ ಇಟ್ಟುಕೊಂಡಿದ್ದರು?" ಅಮ್ಮ ಕೇಳಿದಳು.

ಅದಕ್ಕೆ ಉತ್ತರ ಇದೆ. ಆ ಏಳು ಜನರಲ್ಲಿ ಜೇಮ್ಸ್ ಮಾರ್ಟಿನ್ ಅಂತ ಒಬ್ಬ. ಪ್ರಯಾಣದ ಬಗ್ಗೆ ಅವನ ಒಂದು ಬರಹ ಉಳಿದಿದೆ. ಚಿಂತಕ ಜೆರೆಮಿ ಬೆಂಥಮ್‌ನ ಕಾಗದಗಳ ಜೊತೆ ಸೇರಿಕೊಂಡು ಈಗ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿದೆ. ಕಾಗುಣಿತ ಅಡ್ಡಾದಿಡ್ಡಿ, ಆದರೆ ಲೆಕ್ಕ ಪಕ್ಕಾ. ನೂರು ಪೌಂಡು ಚಿಲ್ಲರೆ ಹಿಟ್ಟು, ಅಷ್ಟೇ ಅಕ್ಕಿ, 14 ಪೌಂಡು ಹಂದಿಮಾಂಸ, ಎಂಟು ಗ್ಯಾಲನ್ ನೀರು. ನಮ್ಮ ಲೆಕ್ಕದಲ್ಲಿ ಹಿಟ್ಟು, ಅಕ್ಕಿ ಐವತ್ತೈವತ್ತು ಕೆಜಿ. ನೀರು ಮೂವತ್ತು ಮೂವತ್ತೈದು ಲೀಟರ್, ಅಂದರೆ ನಮ್ಮ ಮನೆಯ ಎರಡು ಕ್ಯಾನ್ ಕೂಡ ಇಲ್ಲ.

"ಎಷ್ಟು ದಿನ ಹೋದರು?"

"ಅರವತ್ತೊಂಬತ್ತು."

ಅಮ್ಮ ಬೆರಳು ಮಡಿಸಿ ಲೆಕ್ಕ ಹಾಕಿದಳು. ಐವತ್ತು ವರ್ಷ ಕೂಡುಕುಟುಂಬಕ್ಕೆ ಅಳೆದು ಹಾಕಿದ ಕೈ ಅದು. "ದಿನಕ್ಕೆ ತಲೆಗೆ ಒಂದು ಪಾವೂ ಬರೋದಿಲ್ಲ ಕಣೇ. ಅರ್ಧ ಪಾವಿಗಿಂತ ಚೂರು ಜಾಸ್ತಿ." ನಾನು ಫೋನಿನಲ್ಲಿ ಒತ್ತಿ ನೋಡಿದೆ. 130 ಗ್ರಾಮು. ಸರಿಯಾಗಿತ್ತು. ಇಷ್ಟು ವರ್ಷ ಈ ಕಥೆ ಓದಿದ್ದೇನೆ. ಈ ಭಾಗಾಕಾರ ನಾನು ಮಾಡಿರಲಿಲ್ಲ.

"ಮತ್ತೆ ಆ ಮಗೂಗೆ ಏನು ಕೊಟ್ಟಳು?"

ಅದಕ್ಕೆ ಮಾರ್ಟಿನ್ ಉತ್ತರ ಕೊಡುವುದಿಲ್ಲ. ಅವನಿಗೆ ಗಾಳಿ, ಅಲೆ, ದಡದ ಜನ, ನೀರು ಮುಖ್ಯ. ಮೇರಿ, ಮಕ್ಕಳು ಅಲ್ಲೊಂದು ಇಲ್ಲೊಂದು ಸಾಲಿನಲ್ಲಿ ಬಂದು ಹೋಗುತ್ತಾರೆ. ಆದರೂ ಒಂದಷ್ಟು ಹೆಕ್ಕಬಹುದು. ದಡಕ್ಕೆ ಬಂದಾಗೆಲ್ಲ ಮೀನು ಹಿಡಿದರು. ಎಲೆಕೋಸಿನ ಹಾಗೆ ತಿನ್ನಬಹುದಾದ ತಾಳೆ ಜಾತಿಯ ಮರದ ಸುಳಿ ಕಡಿದರು. ಹೊರಟ ಎರಡು ದಿನಕ್ಕೇ ಒಂದು ಕೊಲ್ಲಿಯಲ್ಲಿ ಉರಿಯುವ ಕಲ್ಲಿದ್ದಲು ಸಿಕ್ಕಿತು, ಬೆಂಕಿ ಮಾಡಿದರು. ಸರ್ಕಾರಕ್ಕೆ ಆ ಕಡೆಯ ಕಲ್ಲಿದ್ದಲು ಗೊತ್ತಾಗಿದ್ದು ಇನ್ನೂ ಆರು ವರ್ಷ ಆದ ಮೇಲೆ. ಆಮೇಲೆ ಬಿರುಗಾಳಿ. ದಡ ಕಾಣದ ಹಾಗೆ ಕಡಲೊಳಕ್ಕೆ ಎಳೆದುಕೊಂಡು ಹೋಯಿತು. ಮೈಮೇಲಿನ ಬಟ್ಟೆ ಆಗಷ್ಟೇ ನೀರಿನಿಂದ ಎತ್ತಿದ ಹಾಗೆ ಒದ್ದೆ. ಭಾರ ಇಳಿಸಲು ಬಟ್ಟೆಬರೆ ನೀರಿಗೆ ಎಸೆದರು. ಒಳಗೆ ನುಗ್ಗಿದ ನೀರನ್ನು ಒಂದೇ ಸಮ ಎತ್ತಿ ಹೊರಗೆ ಹಾಕುತ್ತಲೇ ಇರಬೇಕು. ದೋಣಿಯ ಹಲಗೆ ಸಂದಿಯಲ್ಲಿ ನೀರು ಜಿನುಗಿದಾಗ ಮೆತ್ತಲು ಬೇರೆ ಏನೂ ಇಲ್ಲದೆ ಸೋಪು ಮೆತ್ತಿದರು.

ಉತ್ತರದ ಹವಳದ ದಿಬ್ಬಗಳ ನಡುವೆ ಒಂದು ಸಣ್ಣ ದ್ವೀಪ ಸಿಕ್ಕಿತು. ಅಲ್ಲಿ ಕುಡಿಯುವ ನೀರಿಲ್ಲ, ಆದರೆ ಕಡಲಾಮೆಗಳು ಇದ್ದವು. ಆಮೆ ಕೊಂದು ತಿಂದರು, ಉಳಿದ ಮಾಂಸ ಒಣಗಿಸಿ ಕಟ್ಟಿಕೊಂಡರು. ಆ ರಾತ್ರಿ ಮಳೆ ಬಂತು. ದೊಡ್ಡ ಪಟವನ್ನು ಹರಡಿ, ನಡುವೆ ಗುಳಿ ಮಾಡಿ, ಪೀಪಾಯಿ ತುಂಬಿಸಿಕೊಂಡರು. ಮಾಡಿನ ನೀರಿಗೆ ಹಂಡೆ ಇಡುವ ಮಲೆನಾಡಿನವಳಿಗೆ ಇದನ್ನು ವಿವರಿಸುವ ಕಷ್ಟವೇ ಇರಲಿಲ್ಲ. ಕಾರ್ಪೆಂಟೇರಿಯಾ ಕೊಲ್ಲಿಯ ಹತ್ತಿರ ಪಟ ಕಟ್ಟಿದ ದೊಡ್ಡ ದೋಣಿಗಳಲ್ಲಿ ಅಲ್ಲಿನ ಜನ ಅಟ್ಟಿಸಿಕೊಂಡು ಬಂದರು. ತಪ್ಪಿಸಿಕೊಂಡು, ತೆರೆದ ಕಡಲಿಗೇ ಬಿದ್ದು, ನಾಲ್ಕೂವರೆ ದಿನದಲ್ಲಿ ಕೊಲ್ಲಿ ದಾಟಿದರು.

1791ರ ಜೂನ್ 5ರಂದು ತಿಮೋರ್ ದ್ವೀಪದ ಕುಪಾಂಗ್ ಮುಟ್ಟಿದರು. 3,254 ಮೈಲಿ. ಹನ್ನೊಂದಕ್ಕೆ ಹನ್ನೊಂದು ಜನವೂ ಬದುಕಿದ್ದರು.

ಈ ಸಾಲು ಹೇಳಿ ನಾನು ಸುಮ್ಮನಾದೆ. ಅಮ್ಮನೂ ಸ್ವಲ್ಪ ಹೊತ್ತು ಸುಮ್ಮನಿದ್ದಳು.

ಇಲ್ಲಿಗೇ ನಿಲ್ಲಿಸಿದ್ದರೆ ಚೆನ್ನಾಗಿರುತ್ತಿತ್ತು. ಅದೇ ಕುಪಾಂಗಿಗೆ ಎರಡು ವರ್ಷ ಮುಂಚೆ ಇನ್ನೊಂದು ತೆರೆದ ದೋಣಿ ಬಂದಿತ್ತು. 'ಬೌಂಟಿ' ಹಡಗಿನ ದಂಗೆಕೋರರು ಹೊರಹಾಕಿದ ಕ್ಯಾಪ್ಟನ್ ಬ್ಲೈ ಅದರಲ್ಲಿದ್ದ. ಅವನಿಗೆ ಇಂಗ್ಲೆಂಡಿನಲ್ಲಿ ಹಾರ ತುರಾಯಿ, ಬಡ್ತಿ. ಅದು ಬೇರೆ ಮಾತು. ಬ್ರಯಂಟ್ ಗುಂಪು, ನಾವು ಹಡಗು ಒಡೆದು ಬಂದವರು ಅಂತ ಕಥೆ ಕಟ್ಟಿತು. ಡಚ್ ಗವರ್ನರ್ ನಂಬಿ ಊಟ, ಬಟ್ಟೆ, ಕೆಲಸ ಕೊಟ್ಟ. ಎರಡು ತಿಂಗಳು ಸುಖವಾಗಿದ್ದೆವು ಅಂತ ಮಾರ್ಟಿನ್ ಹೇಳುತ್ತಾನೆ. ಆಮೇಲೆ ವಿಲಿಯಂ ಹೆಂಡತಿಯ ಜೊತೆ ಜಗಳವಾಡಿ, ಹೋಗಿ ಎಲ್ಲರ ಗುಟ್ಟು ಬಿಟ್ಟುಕೊಟ್ಟನಂತೆ. ಕುಡಿದವನೊಬ್ಬ ಬಾಯಿಬಿಟ್ಟ ಅನ್ನುವ ಮಾತೂ ಇದೆ. ಮಾರ್ಟಿನ್ ಅಲ್ಲೇ ಇದ್ದವನು, ಅವನ ಮಾತೇ ನನಗೆ ಜಾಸ್ತಿ ನಂಬಿಕೆ. ಅಮ್ಮನಿಗೆ ಆಶ್ಚರ್ಯವೇ ಆಗಲಿಲ್ಲ. "ಕಡಲು ದಾಟಿಸಬಹುದು, ಗಂಡಸಿನ ಕೋಪ ದಾಟಿಸೋದು ಕಷ್ಟ" ಅಂದು ಮೊಸರಿಗೆ ಹೆಪ್ಪು ಹಾಕಲು ಎದ್ದಳು.

ಮಿಕ್ಕಿದ್ದನ್ನು ಬೇಗ ಹೇಳಿ ಮುಗಿಸುತ್ತೇನೆ. ನಿಧಾನ ಹೇಳಲು ನನಗೆ ಇಷ್ಟವಿಲ್ಲ. ಬೌಂಟಿ ದಂಗೆಕೋರರನ್ನು ಹಿಡಿಯಲು ಬಂದಿದ್ದ ಕ್ಯಾಪ್ಟನ್ ಎಡ್ವರ್ಡ್ಸ್ ಎಂಬವನ ಹಡಗು ಹವಳದ ದಿಬ್ಬಕ್ಕೆ ಹೊಡೆದು ಒಡೆಯಿತು. ಅವನೂ ಸೆಪ್ಟೆಂಬರಿನಲ್ಲಿ ದೋಣಿಯಲ್ಲಿ ಬಂದು ಕುಪಾಂಗ್ ಸೇರಿದ. ಹನ್ನೊಂದು ಜನರನ್ನೂ ವಶಕ್ಕೆ ತೆಗೆದುಕೊಂಡು ಗಂಡಸರ ಕಾಲಿಗೆ ಬೇಡಿ ಹಾಕಿ ಬಟಾವಿಯಾಕ್ಕೆ ಒಯ್ದ. ಬಟಾವಿಯಾ ಅಂದರೆ ಜ್ವರದ ಊರು. ಡಿಸೆಂಬರ್ 1ಕ್ಕೆ ಇಮ್ಯಾನುಯೆಲ್ ಹೋದ. ಡಿಸೆಂಬರ್ 22ಕ್ಕೆ ವಿಲಿಯಂ. ಮುಂದಿನ ದಾರಿಯಲ್ಲಿ ಇನ್ನೂ ಮೂವರು. ಚೀಟಿ ಬಿಟ್ಟು ಬಂದಿದ್ದ ಕಾಕ್ಸ್ ಸುಂಡಾ ಜಲಸಂಧಿಯಲ್ಲಿ ನೀರುಪಾಲಾದ.

ಆಫ್ರಿಕಾದ ದಕ್ಷಿಣ ತುದಿಯ ಕೇಪ್‌ನಲ್ಲಿ ಮೇರಿ ಮತ್ತು ಮಗಳನ್ನು 'ಗೋರ್ಗನ್' ಹಡಗಿಗೆ ಹತ್ತಿಸಿದರು. ಸಿಡ್ನಿಯಲ್ಲಿ ಅವಧಿ ಮುಗಿಸಿದ ನೌಕಾಸೈನಿಕರು ಸಂಸಾರ ಸಮೇತ ಊರಿಗೆ ವಾಪಸ್ಸಾಗುತ್ತಿದ್ದ ಹಡಗು ಅದು. ಅದರಲ್ಲಿದ್ದ ಕ್ಯಾಪ್ಟನ್ ವಾಟ್ಕಿನ್ ಟೆಂಚ್, ಐದು ವರ್ಷ ಹಿಂದೆ ಶಾರ್ಲೆಟ್ ಹಡಗಿನಲ್ಲಿ ಮೇರಿಯ ಜೊತೆಗೇ ಬಂದವನು. ಗುರುತು ಹಿಡಿದ. ಇವರನ್ನು ನೋಡಿದಾಗೆಲ್ಲ ಮರುಕ, ಬೆರಗು ಎರಡೂ ಆಗುತ್ತಿತ್ತು ಅಂತ ಬರೆದ. ಸಮಭಾಜಕದ ಸೆಕೆಯಲ್ಲಿ ಹಡಗಿನ ಮಕ್ಕಳು ಒಂದೊಂದಾಗಿ ಸಾಯತೊಡಗಿದವು. 1792ರ ಮೇ ಮೊದಲ ವಾರದಲ್ಲಿ ರಾಲ್ಫ್ ಕ್ಲಾರ್ಕ್ ಎಂಬ ಅಧಿಕಾರಿ ದಿನಚರಿಯಲ್ಲಿ ಒಂದು ಸಾಲು ಬರೆದ. ಬೆಳಗಿನ ಜಾವ ಮೇರಿ ಬ್ರಾಡ್‌ಳ ಮಗು ತೀರಿಕೊಂಡಿತು, ಕಡಲಿಗೆ ಬಿಟ್ಟೆವು. ಹಡಗಿನಲ್ಲಿ ಹುಟ್ಟಿ ಹಡಗಿನ ಹೆಸರು ಹೊತ್ತಿದ್ದ ಶಾರ್ಲೆಟ್‌ಗೆ ನಾಲ್ಕೂವರೆ ವರ್ಷ.

ಲಂಡನ್. ನ್ಯೂಗೇಟ್ ಜೈಲು. ಓಡಿಹೋದ ಕೈದಿಗೆ ಗಲ್ಲು ಅನ್ನುವುದು ಕಾನೂನು. ಆದರೆ ಪತ್ರಿಕೆಗಳಲ್ಲಿ ಕಥೆ ಹರಡಿ ಜನ ಮರುಗಿದ್ದರು. ಹಳೇ ಶಿಕ್ಷೆಯ ಅವಧಿ ಮುಗಿಯುವ ತನಕ ಒಳಗಿರಲಿ ಅಂತ ಕೋರ್ಟು ಹೇಳಿತು. ಲೇಖಕ, ವಕೀಲ ಜೇಮ್ಸ್ ಬಾಸ್ವೆಲ್ ಇವರ ಪರ ನಿಂತ. ಗೃಹಮಂತ್ರಿ ಡಂಡಾಸ್ ಅವನ ಕಾಲೇಜು ಗೆಳೆಯ, ಬಿಡದೆ ಬೆನ್ನು ಹತ್ತಿದ. 1793ರ ಮೇ 2ರಂದು ಮೇರಿಗೆ ಕ್ಷಮಾದಾನ ಸಿಕ್ಕಿತು. ಮತ್ತೆ ಲೆಕ್ಕಕ್ಕೆ ಬರೋಣ. 1786ರ ಮಾರ್ಚ್‌ನ ಏಳು ವರ್ಷ ಮುಗಿಯುವುದು 1793ರ ಮಾರ್ಚ್‌ಗೆ. ಕ್ಷಮೆ ಸಿಗುವ ಹೊತ್ತಿಗೆ ಶಿಕ್ಷೆ ಮುಗಿದು ಒಂದು ತಿಂಗಳ ಮೇಲಾಗಿತ್ತು! ನಾಲ್ಕು ಗಂಡಸರು ನವೆಂಬರಿನಲ್ಲಿ ಬಿಡುಗಡೆಯಾಗಿ ಸೀದಾ ಬಾಸ್ವೆಲ್ ಮನೆಗೆ ಥ್ಯಾಂಕ್ಸ್ ಹೇಳಲು ಹೋದರು. ಅವರಲ್ಲೊಬ್ಬ ಸೈನ್ಯ ಸೇರಿ ವಾಪಸ್ಸು ಸಿಡ್ನಿಗೇ ಬಂದ. ನಂಬುತ್ತೀರೋ ಬಿಡುತ್ತೀರೋ.

ಬಾಸ್ವೆಲ್ ಲಂಡನ್ನಿನಲ್ಲಿ ಮೇರಿಗೆ ಬಾಡಿಗೆ ಕೋಣೆ ಹಿಡಿದುಕೊಟ್ಟ. ಅಡುಗೆ ಕೆಲಸಕ್ಕಿದ್ದ ಅವಳ ಅಕ್ಕತಂಗಿಯೊಬ್ಬಳು, ಡಾಲಿ, ಹುಡುಕಿಕೊಂಡು ಬಂದಳು. ಅಕ್ಟೋಬರಿನಲ್ಲಿ ಊರಿಗೆ ಹೊರಟ ಹಡಗಿಗೆ ಬಾಸ್ವೆಲ್ಲೇ ಅವಳನ್ನು ಬಿಡಲು ಹೋದ. ಅವಳಿಗೆ ಹೋಗಲು ಹಿಂಜರಿಕೆ ಇತ್ತು, ಊರವರು ಹೇಗೆ ನೋಡುತ್ತಾರೋ ಅಂತ. ವರ್ಷಕ್ಕೆ ಹತ್ತು ಪೌಂಡು ಕೊಡುತ್ತೇನೆ ಅಂತ ಮಾತು ಕೊಟ್ಟ.

ಅವನಿಗೆ ಕೊಡಲು ಅವಳ ಹತ್ತಿರ ಇದ್ದದ್ದು ಒಂದೇ. ಒಣಗಿದ ಎಲೆಗಳು. ನಮ್ಮ ಬೀದಿ ಕೊನೆಯ ಅಜ್ಜಿಯ ಬೇಲಿಯ ಬಳ್ಳಿಯ ಎಲೆ. ಅವನು ಕಾಗದದಲ್ಲಿ ಸುತ್ತಿ, ಬಾಟನಿ ಬೇಯಿಂದ ಬಂದ, ಟೀಯಾಗಿ ಬಳಸುವ ಎಲೆ ಅಂತ ಮೇಲೆ ಬರೆದಿಟ್ಟ. ಅವನ ಕಾಗದಗಳ ನಡುವೆ ಆ ಪೊಟ್ಟಣ ನೂರು ವರ್ಷದ ಮೇಲೆ ಬಿದ್ದಿತ್ತು. ಅದರಲ್ಲಿ ಕೆಲವು ಎಲೆ ಈಗ ಸಿಡ್ನಿಯ ಸ್ಟೇಟ್ ಲೈಬ್ರರಿಯಲ್ಲಿದೆ. ಅಂತೂ ವಾಪಸ್ಸು ಬಂತು, ಏರ್‌ಪೋರ್ಟಿನವರು ಹಿಡಿಯಲಿಲ್ಲ.

ನಾನು ಅಮ್ಮನಿಗೆ ಫೋನಿನಲ್ಲಿ ಅದರ ಫೋಟೋ ತೋರಿಸಿದೆ. ಕಂದು ಬಣ್ಣ, ಅಂಚು ಮುರಿದಿದೆ, ಮೂರು ನರ ಮಾತ್ರ ಹಾಗೇ ಇದೆ. ನೋಡಮ್ಮಾ, ನರಕದ ಹಾಗಿದ್ದ ಊರಿನ ನೆನಪನ್ನೂ ಎಷ್ಟು ಜೋಪಾನ ಮಾಡಿದ್ದಾಳೆ ಅಂದೆ. ನಾನು ಹಾಗೇ ಅಂದುಕೊಂಡಿದ್ದೆ ಇಷ್ಟು ವರ್ಷ. ಒಂದೆರಡು ಕಡೆ ಹಾಗೇ ಹೇಳಿ ಮೆಚ್ಚುಗೆಯನ್ನೂ ಗಿಟ್ಟಿಸಿದ್ದೆ.

ಅಮ್ಮ ಕನ್ನಡಕ ಸರಿಮಾಡಿಕೊಂಡು ನೋಡಿದಳು. "ನೆನಪು ಎಂಥದೇ? ಎರಡು ಸಣ್ಣ ಮಕ್ಕಳನ್ನು ಕಟ್ಟಿಕೊಂಡು ಹೊರಟವಳು. ದಾರಿಗೆ ಕಷಾಯಕ್ಕೆ ಅಂತ ಇಟ್ಟುಕೊಂಡಿದ್ದಾಳೆ. ಮಿಕ್ಕಿದೆ ಅಷ್ಟೇ."

ನನಗೆ ಏನು ಹೇಳಬೇಕೋ ತೋಚಲಿಲ್ಲ. ದೋಣಿಯಿಂದ ಬಟ್ಟೆ ಎಸೆದಿದ್ದರು. ಕುಪಾಂಗಿನಲ್ಲಿ ಮೈಮೇಲೆ ಇದ್ದದ್ದೂ ಬೇರೆಯವರು ಕೊಟ್ಟ ಬಟ್ಟೆ. ಎಡ್ವರ್ಡ್ಸ್‌ನ ಕಾವಲು, ಬಟಾವಿಯಾದ ಆಸ್ಪತ್ರೆ, ಗೋರ್ಗನ್, ನ್ಯೂಗೇಟ್. ಇಷ್ಟೆಲ್ಲ ದಾಟಿ ಪೊಟ್ಟಣ ಉಳಿದಿದೆ. ಕುಡಿಸಬೇಕಾದ ಮಕ್ಕಳು ಉಳಿದಿಲ್ಲ.

"ಆಮೇಲೆ ಊರಲ್ಲಿ ಏನಾದಳು?" ಅಮ್ಮ ಕೇಳಿದಳು.

ಹಣ ತಲುಪಿತು ಅಂತ ಕಾರ್ನ್‌ವಾಲಿನ ಒಬ್ಬ ಪಾದ್ರಿಯ ಮೂಲಕ ಬಾಸ್ವೆಲ್‌ಗೆ ರಸೀದಿ ಬರುತ್ತಿತ್ತು. ಕೊನೆಯದು 1794ರ ನವೆಂಬರಿನದು. ಮರುವರ್ಷ ಮೇ ತಿಂಗಳಲ್ಲಿ ಬಾಸ್ವೆಲ್ ಸತ್ತ. ಬರೆದಿಡುವವರು ಇಲ್ಲವಾದ ಮೇಲೆ ಮೇರಿಯೂ ಕಾಗದದಿಂದ ಆಚೆ ಹೋದಳು.

"ತೊಂಬತ್ತನಾಲ್ಕು ಅಂದರೆ, ಅರವತ್ತೈದು ಕಳೆದರೆ..." ಅಮ್ಮ ಮತ್ತೆ ಬೆರಳು ಮಡಿಸಿದಳು. ಅರ್ಧದಲ್ಲೇ ನಿಲ್ಲಿಸಿ ನನ್ನ ಮುಖ ನೋಡಿದಳು. "ಇಪ್ಪತ್ತೊಂಬತ್ತಾ? ನಿನಗಿಂತ ಚಿಕ್ಕವಳು ಕಣೇ."